ಒಂದು ಸಮಾಧಿ, ಆರು ಬಾಂಡರು

ಯಕ್ಷಗಾನದಲ್ಲಿ ಕೌರವನ ಸೋಲು ಪ್ರೇಕ್ಷಕರಿಗೆಲ್ಲ ಮೊದಲೇ ತಿಳಿದ ಸಂಗತಿ. ಆದರೂ ಅವರು ಬೆಳಗಿನವರೆಗೆ ಕುಳಿತಿರುತ್ತಾರೆ. ಈ ಸಲದ ವೇಷಧಾರಿ ಆ ಸೋಲನ್ನು ಹೇಗೆ ಹೊರುತ್ತಾನೆಂಬುದೇ ಅವರ ಕುತೂಹಲ. ಜೇಮ್ಸ್ ಬಾಂಡ್ ಎಂಬ ಬ್ರಿಟಿಷ್ ಗೂಢಚಾರನ ವಿಷಯದಲ್ಲಿಯೂ ಹಾಗೆಯೇ. ಅವನು ಗೆಲ್ಲುವನೆಂಬುದು ಟಿಕೆಟು ಕೊಳ್ಳುವಾಗಲೇ ಗೊತ್ತು. ಇಯಾನ್ ಫ್ಲೆಮಿಂಗ್ ಅವರು 1953ರಲ್ಲಿ ಕಾದಂಬರಿಯಾಗಿ ಆರಂಭಿಸಿದ ಈ ಕಥೆ 1962ರಿಂದ 2021ರವರೆಗೆ 25 ಚಿತ್ರಗಳ ಸರಣಿಯಾಗಿ ಬೆಳೆಯಿತು. ಅದರಲ್ಲಿ 6 ಮಂದಿ ನಟರು ಬಾಂಡನಾದರು. ಇವರಲ್ಲಿ ಮಿಗಿಲಾದವರು ಯಾರೆಂಬ ಚರ್ಚೆ ಸಾಮಾನ್ಯವಾಗಿ ಸೂಟು, ಕಾರು, ಪಿಸ್ತೂಲುಗಳ ಸುತ್ತಲೇ ನಡೆಯುತ್ತದೆ. ಆದರೆ ಅವರನ್ನು ಅಳೆಯಲು ಮತ್ತೊಂದು ಅಳತೆಗೋಲುಂಟು. ಅದು ಒಬ್ಬ ಹೆಣ್ಣಿನ ಸಮಾಧಿ.

ಮೊದಲಿಗರು ಶಾನ್ ಕಾನರಿ. ಎಡಿನ್‌ಬರೋದ ಬಡ ಮನೆತನದಲ್ಲಿ ಹುಟ್ಟಿ, ಮನೆಮನೆಗೆ ಹಾಲು ಹಂಚಿ ಬೆಳೆದ ಈ ಯುವಕ ತನ್ನ ನಾಯಕನಿಗೆ ಒಪ್ಪುವನೆಂದು ಫ್ಲೆಮಿಂಗ್ ಅವರಿಗೆ ಮೊದಲು ತೋರಲಿಲ್ಲ. 1962ರ 'ಡಾ. ನೋ' ಚಿತ್ರದ ಅನಂತರ ಅವರ ಮನಸ್ಸು ತಿರುಗಿತು; 1964ರ ಕಾದಂಬರಿಯಲ್ಲಿ ಬಾಂಡನ ತಂದೆ ಸ್ಕಾಟ್ಲೆಂಡಿನವನಾದ! ನಟನು ಪಾತ್ರವನ್ನಷ್ಟೇ ಅಲ್ಲ, ಪಾತ್ರದ ಪಿತೃವಂಶವನ್ನೂ ಬದಲಿಸಿದ ಪ್ರಸಂಗವಿದು. ಕಾನರಿಯವರ ಬಾಂಡನಿಗೆ ಸಾವು ಕೆಲಸದ ಒಂದು ಭಾಗ. ಕೊಂದು, ಟೈ ಸರಿಪಡಿಸಿಕೊಂಡು ನಡೆದುಬಿಡುವ ಗತ್ತು ಅವನದು.

1969ರಲ್ಲಿ ಜಾರ್ಜ್ ಲ್ಯಾಜೆನ್‌ಬಿ ಬಂದರು. ಆಸ್ಟ್ರೇಲಿಯಾದ ಈ ಜಾಹೀರಾತು ರೂಪದರ್ಶಿಗೆ ಅಭಿನಯದ ಅನುಭವ ಇಲ್ಲವೆನ್ನುವಷ್ಟು ಕಡಿಮೆ. 'ಆನ್ ಹರ್ ಮೆಜೆಸ್ಟಿಸ್ ಸೀಕ್ರೆಟ್ ಸರ್ವಿಸ್' ಚಿತ್ರದಲ್ಲಿ ಬಾಂಡ್ ಟ್ರೇಸಿಯನ್ನು ವರಿಸುತ್ತಾನೆ. ಮದುವೆಯ ದಿನವೇ, ದಾರಿಯ ಬದಿಯಲ್ಲಿ ನಿಲ್ಲಿಸಿದ ಕಾರಿನಲ್ಲಿ, ವೈರಿಗಳ ಗುಂಡು ಅವಳ ಪ್ರಾಣ ತೆಗೆಯುತ್ತದೆ. ಬಂದ ಪೊಲೀಸನಿಗೆ, ಅವಳು ವಿಶ್ರಮಿಸುತ್ತಿದ್ದಾಳೆಂದು ಬಾಂಡ್ ಮೆಲುದನಿಯಲ್ಲಿ ಹೇಳಿ, ಅವಳ ಕೇಶರಾಶಿಯಲ್ಲಿ ಮುಖ ಹುದುಗಿಸುತ್ತಾನೆ. ಆರ್ಭಟವಿಲ್ಲ, ಸೇಡಿನ ಶಪಥವಿಲ್ಲ. ನುರಿತ ನಟನಾಗಿದ್ದರೆ ಇಲ್ಲಿ ಏನಾದರೂ 'ಮಾಡಿ' ತೋರಿಸುತ್ತಿದ್ದನೇನೋ. ಏನೂ ಮಾಡಲರಿಯದ ದಿಗ್ಭ್ರಮೆಯೇ ಆ ದೃಶ್ಯದ ಸತ್ಯವಾಯಿತು. ಸಲಹೆಗಾರರ ಮಾತು ಕೇಳಿ ಲ್ಯಾಜೆನ್‌ಬಿ ಆ ಒಂದೇ ಚಿತ್ರಕ್ಕೆ ಪಾತ್ರವನ್ನು ಬಿಟ್ಟರು. ಸಮಾಧಿ ಮಾತ್ರ ಉಳಿಯಿತು.

1971ರಲ್ಲಿ ಮರಳಿದ ಕಾನರಿ ವೈರಿಯನ್ನು ಹುಡುಕಿ ಬಡಿಯುತ್ತಾರೆ. ಆದರೆ ಸತ್ತವಳ ಹೆಸರು ಒಮ್ಮೆಯೂ ಅವರ ನಾಲಗೆಗೆ ಬರುವುದಿಲ್ಲ. ಅವರ ಬಾಂಡ್ ವಿಧುರನಾಗಲು ಒಪ್ಪಲಿಲ್ಲ.

ರೋಜರ್ ಮೂರ್ 1973ರಿಂದ 1985ರವರೆಗೆ 7 ಚಿತ್ರಗಳಲ್ಲಿ ನಗೆಯನ್ನೇ ಆಯುಧ ಮಾಡಿಕೊಂಡವರು. ಉದಯಪುರದಲ್ಲಿ ಚಿತ್ರೀಕರಣಗೊಂಡ 'ಆಕ್ಟೋಪಸಿ' ಅವರದೇ. 1981ರ 'ಫಾರ್ ಯುವರ್ ಐಸ್ ಓನ್ಲಿ' ಚಿತ್ರದ ಆರಂಭದಲ್ಲಿ ಅವರು ಟ್ರೇಸಿಯ ಸಮಾಧಿಗೆ ಹೂವಿಟ್ಟು ಮೌನವಾಗಿ ನಿಲ್ಲುತ್ತಾರೆ. ಕೆಲವೇ ನಿಮಿಷಗಳಲ್ಲಿ ವೈರಿಯೊಬ್ಬನನ್ನು ಗಾಲಿಕುರ್ಚಿಯ ಸಮೇತ ಚಿಮಣಿಯೊಳಕ್ಕೆ ಬೀಳಿಸಿ ವಿನೋದಕ್ಕೆ ಮರಳುತ್ತಾರೆ. ದುಃಖವನ್ನು ನಗೆಯಿಂದ ಮುಚ್ಚುವವರು ಎಲ್ಲ ಮನೆಗಳಲ್ಲಿಯೂ ಇರುತ್ತಾರಲ್ಲವೆ?

ತಿಮೊತಿ ಡಾಲ್ಟನ್ ರಂಗಭೂಮಿಯಲ್ಲಿ ಪಳಗಿದವರು. 1989ರ 'ಲೈಸೆನ್ಸ್ ಟು ಕಿಲ್' ಚಿತ್ರದಲ್ಲಿ ಗೆಳೆಯನ ವಧು, ಮುಂದಿನ ಮದುವೆ ನಿನ್ನದೇ ಎಂಬಂತೆ ಪರಿಹಾಸ್ಯ ಮಾಡಿದಾಗ ಅವರ ಮುಖ ಕಪ್ಪಿಡುತ್ತದೆ. ಅವನಿಗೆ ಹಿಂದೊಮ್ಮೆ ಮದುವೆಯಾಗಿತ್ತೆಂದು ಗೆಳೆಯ ಅವಳಿಗೆ ತಿಳಿಸಬೇಕಾಗುತ್ತದೆ. ಆ ವಧುವೂ ಅಂದೇ ಹತಳಾಗುತ್ತಾಳೆ. ಬಾಂಡ್ ಸರಕಾರದ ಆಜ್ಞೆಯನ್ನೇ ಧಿಕ್ಕರಿಸಿ ಸೇಡಿಗೆ ಹೊರಡುತ್ತಾನೆ. ಕಾನೂನು ವ್ಯಾಜ್ಯದಿಂದ ಸರಣಿ 6 ವರ್ಷ ನಿಂತು, ಡಾಲ್ಟನ್ ಅವರ ಪಾಲಿಗೆ 2 ಚಿತ್ರಗಳಷ್ಟೇ ದಕ್ಕಿದವು.

ಪಿಯರ್ಸ್ ಬ್ರಾಸ್ನನ್ 1995ರಿಂದ 2002ರವರೆಗೆ 4 ಚಿತ್ರಗಳಲ್ಲಿ ಕಾನರಿಯವರ ಗತ್ತನ್ನೂ ಮೂರ್ ಅವರ ನಯವನ್ನೂ ಬೆರೆಸಿದರು. ಪ್ರೀತಿಪಾತ್ರರನ್ನು ಎಂದಾದರೂ ಕಳೆದುಕೊಂಡಿರುವೆಯಾ ಎಂದು 1999ರ ಚಿತ್ರದಲ್ಲಿ ನಾಯಕಿ ಕೇಳುತ್ತಾಳೆ. ಉತ್ತರವಿಲ್ಲ, ಮಾತು ಬೇರೆಡೆಗೆ ಹೊರಳುತ್ತದೆ. ಆ ಜಾರುವಿಕೆಯೇ ಉತ್ತರ.

ಡೇನಿಯಲ್ ಕ್ರೇಗ್ ಅವರ 5 ಚಿತ್ರಗಳು ಕಥೆಯನ್ನು ಹೊಸದಾಗಿ ಆರಂಭಿಸಿದುದರಿಂದ ಅಲ್ಲಿ ಟ್ರೇಸಿಯಿಲ್ಲ. ಆ ಸ್ಥಾನದಲ್ಲಿ ವೆಸ್ಪರ್ ಇದ್ದಾಳೆ. 2006ರ 'ಕ್ಯಾಸಿನೊ ರಾಯಲ್' ಚಿತ್ರದಲ್ಲಿ ಅವಳು ವೆನಿಸ್ಸಿನ ನೀರಿನಲ್ಲಿ ಮುಳುಗಿ ಸತ್ತಾಗ ಬಾಂಡ್ ಒಂದು ಕಟುನುಡಿಯಿಂದ ಅವಳನ್ನು ತಳ್ಳಿಹಾಕುತ್ತಾನೆ. 2021ರ 'ನೋ ಟೈಮ್ ಟು ಡೈ' ಚಿತ್ರದಲ್ಲಿ ಅವಳ ಸಮಾಧಿಯ ಮುಂದೆ ನಿಲ್ಲುವ ಧೈರ್ಯ ಬರುತ್ತದೆ. ಅಂತ್ಯದಲ್ಲಿ, ತನ್ನವರು ಬದುಕಲೆಂದು ಅವನೇ ಸಾಯುತ್ತಾನೆ.

ಗತ್ತಿಗೆ ಕಾನರಿ, ನಗೆಗೆ ಮೂರ್ ಎಂಬ ತೀರ್ಪು ಇರಲಿ. ಆದರೆ ಗೆಲ್ಲುವುದೊಂದನ್ನೇ ಬಲ್ಲ ವೀರನಿಗೆ ಕಳೆದುಕೊಳ್ಳುವುದನ್ನು ಕಲಿಸಿದವರು, ಒಮ್ಮೆ ಮಾತ್ರ ವೇಷ ಕಟ್ಟಿ ಹೋದ ಲ್ಯಾಜೆನ್‌ಬಿ. ಅವರು ಬಿಟ್ಟುಹೋದ ಶೋಕವನ್ನು ಉಳಿದವರು ತಮ್ಮ ತಮ್ಮ ರೀತಿಯಲ್ಲಿ ಹೊತ್ತರು.