ದಾಸೋಹವೂ ದೇಹಶೌಚವೂ

ಹಂಚಿಕೊಂಡು ಬಾಳುವುದು ವಿದ್ಯಾರ್ಥಿನಿಲಯ ಜೀವನದ ಜೀವಾಳ. ಸಿದ್ಧಗಂಗೆಯಂತಹ ಕ್ಷೇತ್ರಗಳಲ್ಲಿ ಸಾವಿರಾರು ಮಕ್ಕಳು ಜಾತಿಮತಗಳ ಎಣಿಕೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದು ಕನ್ನಡನಾಡಿನ ಪುಣ್ಯವಿಶೇಷವೇ ಸರಿ. ಅನ್ನವನ್ನು ಹಂಚಿದರೆ ತೃಪ್ತಿ ಹೆಚ್ಚುತ್ತದೆ. ಅಕ್ಷರವನ್ನು ಹಂಚಿದರೆ ಅರಿವು ಹೆಚ್ಚುತ್ತದೆ. ಆದರೆ ಹಂಚಿದಷ್ಟೂ ರೋಗವನ್ನೇ ಹೆಚ್ಚಿಸುವ ವಸ್ತುಗಳೂ ಕೆಲವುಂಟು. ಮೈ ಒರೆಸುವ ಟವೆಲು, ತಲೆಯ ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಕ್ಷೌರದ ಬ್ಲೇಡು, ಉಗುರು ಕತ್ತರಿಸುವ ಸಾಧನ ಇವು ಆ ಬಗೆಯವು. ಒಂದು ಕೊಠಡಿಯ ಹತ್ತು ಮಂದಿ ಹುಡುಗರು ಒಂದೇ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವುದನ್ನು ಸ್ನೇಹದ ಕುರುಹೆಂದು ಬಗೆಯುವ ವಾಡಿಕೆ ನಿಲ್ಲಬೇಕಾಗಿದೆ.

ಈ ಎಚ್ಚರವು ಪರದೇಶದಿಂದ ಎರವಲು ತಂದುದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವ ವ್ಯಾಧಿಗಳನ್ನು ಹೇಳುವಾಗ, ಪರರು ಬಳಸಿದ ವಸ್ತ್ರ, ಮಾಲೆ, ಲೇಪನಗಳನ್ನೂ ಕಾರಣಗಳಾಗಿ ಎಣಿಸಲಾಗಿದೆ; ಕಣ್ಣುಬೇನೆಯನ್ನು ಆ ವ್ಯಾಧಿಗಳ ಸಾಲಿಗೆ ಸೇರಿಸಲಾಗಿದೆ. ಅಲ್ಲಿಯ ಪ್ರತಿಯೊಂದು ಮಾತನ್ನೂ ಇಂದಿನ ವೈದ್ಯವು ಒಪ್ಪದಿರಬಹುದು. ಆದರೆ ಬಟ್ಟೆಯು ರೋಗವಾಹಕವಾಗಬಲ್ಲುದೆಂಬ ಅರಿವು ಪ್ರಾಚೀನರಿಗಿತ್ತೆಂಬುದು ನಿರ್ವಿವಾದ.

ವಿದ್ಯಾರ್ಥಿನಿಲಯಗಳನ್ನು ಬಹುವಾಗಿ ಕಾಡುವ ತುರಿಕಜ್ಜಿಯನ್ನೇ ನೋಡಬಹುದು. ಕಣ್ಣಿಗೆ ಕಾಣಿಸಲಾರದಷ್ಟು ಸೂಕ್ಷ್ಮವಾದ ಒಂದು ನುಸಿಯೇ ಇದಕ್ಕೆ ಕಾರಣವೆಂದು ಇಟಲಿಯ ವೈದ್ಯ ಬೊನೊಮೊ 1687ರಲ್ಲಿಯೇ ತಿಳಿಸಿದನು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು. ಇದು ಮುಖ್ಯವಾಗಿ ಮೈಗೆ ಮೈ ತಾಗುವುದರಿಂದ ಹರಡುವುದಾದರೂ, ಹಾಸಿಗೆ, ಬಟ್ಟೆ, ಟವೆಲುಗಳ ಮೂಲಕವೂ ಹರಡಬಲ್ಲುದು. ದೇಹದಿಂದ ಹೊರಬಿದ್ದ ನುಸಿಯು ಎರಡು ಮೂರು ದಿನ ಬದುಕಿರಬಲ್ಲುದು. ಮೊದಲ ಸಲ ಸೋಂಕು ತಗುಲಿದವನಿಗೆ ತುರಿಕೆ ತೋರಲು ನಾಲ್ಕರಿಂದ ಆರು ವಾರಗಳೇ ಬೇಕಾಗಬಹುದು. ಆದ್ದರಿಂದ ತುರಿಸಿಕೊಳ್ಳದ ಹುಡುಗನೂ ರೋಗವನ್ನು ಹರಡುತ್ತಿರಬಹುದು. ಒಬ್ಬನಿಗೆ ಮಾತ್ರ ಔಷಧ ಹಚ್ಚಿ ಉಳಿದವರನ್ನು ಬಿಟ್ಟರೆ ರೋಗವು ಕೊಠಡಿಯನ್ನು ಸುತ್ತಿ ಮರಳಿ ಅವನಲ್ಲಿಗೇ ಬರುತ್ತದೆ. ಎಲ್ಲರಿಗೂ ಏಕಕಾಲದಲ್ಲಿ ಚಿಕಿತ್ಸೆಯಾಗಬೇಕು. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು.

ಕಣ್ಣಿನ ವಿಷಯವೂ ಅಂತೆಯೇ. ಅಸಂಖ್ಯ ಜನರನ್ನು ಕುರುಡಾಗಿಸಿದ ಟ್ರಕೋಮಾ ಎಂಬ ಕಣ್ಣುರೋಗವು ಕೊಳೆಯಾದ ಕೈ, ಟವೆಲು, ನೊಣಗಳಿಂದ ಹರಡುವಂಥದು. ಭಾರತವು ಅದನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಾರಿತು. ಅದು ಸಂತೋಷದ ಸಂಗತಿ. ಆದರೆ ಸಾಮಾನ್ಯ ಕೆಂಗಣ್ಣು ಇಂದಿಗೂ ಒಂದು ಟವೆಲಿನಿಂದ ಇಡೀ ಕೊಠಡಿಗೆ ಹಬ್ಬಬಲ್ಲುದು. ಮೀಸೆ ಮೂಡುವ ವಯಸ್ಸಿನ ಹುಡುಗರು ಬ್ಲೇಡನ್ನು ಕೈಬದಲಿಸುವುದಂತೂ ಇನ್ನೂ ಅಪಾಯಕರ. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಾಣುವು ಒಣಗಿದ ರಕ್ತದಲ್ಲಿ ಏಳು ದಿನಗಳಾದರೂ ಜೀವಂತವಾಗಿರಬಲ್ಲುದು. ಕಣ್ಣಿಗೆ ಕಾಣದ ಒಂದು ರಕ್ತಬಿಂದು ಸಾಕು.

ಇದೆಲ್ಲವೂ ಮಡಿಮೈಲಿಗೆಯ ಪುನರುತ್ಥಾನವಲ್ಲವೆ ಎಂದು ಕೆಲವರು ಕೇಳಬಹುದು. ಸೂತಕಗಳನ್ನು ನಿರಾಕರಿಸಿದ ಶರಣಪರಂಪರೆಯ ಸಂಸ್ಥೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ, ಯೋಗ್ಯವೂ ಹೌದು. ಆದರೆ ಎರಡಕ್ಕೂ ಅಜಗಜಾಂತರವಿದೆ. ಮಡಿಯು ಮನುಷ್ಯನ ಹುಟ್ಟನ್ನು ವಿಚಾರಿಸುತ್ತದೆ. ಶೌಚವು ಅವನ ಕೈಯಲ್ಲಿರುವ ವಸ್ತುವನ್ನು ವಿಚಾರಿಸುತ್ತದೆ. ಶ್ರೀಮಂತನ ಬ್ಲೇಡೂ ಬಡವನ ಬ್ಲೇಡೂ ಅದಕ್ಕೆ ಸಮಾನ. ತುರಿಕಜ್ಜಿಯಾದ ಮಗುವನ್ನು ಪಂಕ್ತಿಯಿಂದ ಎಬ್ಬಿಸುವುದಾಗಲಿ, ತಲೆಯಲ್ಲಿ ಹೇನು ಕಂಡಿತೆಂದು ಸಹಪಾಠಿಗಳೆದುರು ಹೀಯಾಳಿಸುವುದಾಗಲಿ ಶೌಚವಲ್ಲ, ಕ್ರೌರ್ಯ. ಹೇನು ಮುಖ್ಯವಾಗಿ ತಲೆಗೆ ತಲೆ ತಾಗಿ ಹರಡುವುದೇ ಹೊರತು ಯಾರ ಕುಲದ ಲಕ್ಷಣವೂ ಅಲ್ಲ. ಅವಮಾನಕ್ಕೆ ಅಂಜಿದ ಮಗು ರೋಗವನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟ ರೋಗ ಮನೆ ಮಾಡುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮಕ್ಕಳು ಟವೆಲು ಹಂಚಿಕೊಳ್ಳುವುದು ಬಹುಮಟ್ಟಿಗೆ ಅಶಿಸ್ತಿನಿಂದಲ್ಲ, ಇಲ್ಲದ್ದರಿಂದ. ಒಂದೇ ಟವೆಲು ತಂದ ಹುಡುಗನದು ಒದ್ದೆಯಾಗಿದ್ದ ದಿನ ಅವನು ನೆರೆಯವನದನ್ನು ಬೇಡದೆ ಮತ್ತೇನು ಮಾಡಿಯಾನು? ಇಂಥವನಿಗೆ ಆರೋಗ್ಯದ ಉಪನ್ಯಾಸ ಮಾಡಿ ಫಲವಿಲ್ಲ. ದಾನಿಗಳು ಕೊಠಡಿ ಕಟ್ಟಿಸಿ ಅಮೃತಶಿಲೆಯ ಫಲಕದಲ್ಲಿ ಹೆಸರು ಕೆತ್ತಿಸುವುದು ಸ್ತುತ್ಯರ್ಹವೇ. ಅದರೊಡನೆ, ವರ್ಷಾರಂಭದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಎರಡು ಟವೆಲು, ಒಂದು ಬಾಚಣಿಗೆ, ಒಂದು ಬ್ರಷ್ಷು, ಸಾಬೂನು ದೊರೆಯುವಂತೆ ಒಂದು ಶಾಶ್ವತ ನಿಧಿಯನ್ನಿರಿಸಿದರೆ ಆ ಕೊಠಡಿಗಳಲ್ಲಿ ಆರೋಗ್ಯವೂ ನೆಲೆಸುತ್ತದೆ. ಹಳೆಯ ವಿದ್ಯಾರ್ಥಿಗಳಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಒಂದೇ ಟವೆಲಿನಲ್ಲಿ ವರ್ಷ ಕಳೆದವರು ಅವರಲ್ಲಿ ಅನೇಕರಿದ್ದಾರು. ನಿಲಯಪಾಲಕರು ಟವೆಲಿನ ಅಂಚಿಗೆ ವಿದ್ಯಾರ್ಥಿಯ ಸಂಖ್ಯೆಯನ್ನು ಹೊಲಿಸಲಿ, ಬಿಸಿಲಿನಲ್ಲಿ ಒಣಹಾಕಲು ಹಗ್ಗ ಕಟ್ಟಿಸಲಿ. ಅಧ್ಯಾಪಕರು ವಾರಕ್ಕೊಮ್ಮೆ ಉಗುರು, ಚರ್ಮಗಳನ್ನು ತಾಯಿಯ ಮಮತೆಯಿಂದ ಪರೀಕ್ಷಿಸಲಿ.

ಪ್ರಸಾದವು ಎಲ್ಲರದಾಗಿರಲಿ, ಟವೆಲು ಅವರವರದಾಗಿರಲಿ. ಎರಡನ್ನೂ ಒದಗಿಸಿದಾಗಲೇ ದಾಸೋಹವು ಪೂರ್ಣವಾಗುತ್ತದೆ.