ಕಾಡು ಎಂದರೆ ಕಾಡೇ

ಕಾನೂನಿನ ಮಾತುಗಳಿಗೆ ನ್ಯಾಯಾಧೀಶರು ಯಾವ ಅರ್ಥವನ್ನು ಹಿಡಿಯಬೇಕು? ಅಕ್ಷರದಲ್ಲಿರುವ ಸಾಮಾನ್ಯ ಅರ್ಥವನ್ನೋ, ಶಾಸಕರ ಮನಸ್ಸಿನಲ್ಲಿ ಇದ್ದಿರಬಹುದೆಂದು ಊಹಿಸಿದ ಅರ್ಥವನ್ನೋ? ಇದು ವಕೀಲರ ತರ್ಕವೆಂದು ಮಲೆನಾಡಿನವರು ಸುಮ್ಮನಿರುವಂತಿಲ್ಲ. ಬೆಟ್ಟ, ಕಾನುಗಳ ಅಳಿವು ಉಳಿವು ಈ ಪ್ರಶ್ನೆಗೆ ಅಂಟಿಕೊಂಡಿದೆ.

1980ರ ಅರಣ್ಯ ಸಂರಕ್ಷಣಾ ಕಾಯ್ದೆಯ 2ನೆಯ ಕಲಮಿನಂತೆ, ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಳಸಲು ರಾಜ್ಯ ಸರ್ಕಾರ ಆದೇಶಿಸುವಂತಿಲ್ಲ. ಕಾಫಿ, ಚಹಾ, ರಬ್ಬರ್, ಸಾಂಬಾರ ಬೆಳೆಗಳಿಗಾಗಿ ಕಾಡನ್ನು ಸವರುವುದೂ ಅರಣ್ಯೇತರ ಉದ್ದೇಶವೇ. ಆದರೆ ‘ಅರಣ್ಯ’ವೆಂದರೇನು ಎಂಬುದನ್ನು ಕಾಯ್ದೆ ವಿವರಿಸಿರಲಿಲ್ಲ. ಈ ಮೌನದ ಮರೆಯಲ್ಲಿ, ಅಧಿಸೂಚಿತ ಅರಣ್ಯ ಮಾತ್ರ ಅರಣ್ಯವೆಂಬ ಅರ್ಥ ಚಲಾವಣೆಗೆ ಬಂದಿತ್ತು. ನೀಲಗಿರಿಯ ಗೂಡಲೂರಿನ ಕಾಡುನಾಶದ ವಿರುದ್ಧ ಟಿ.ಎನ್. ಗೋದವರ್ಮನ್ ತಿರುಮುಲ್‌ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1996ರ ಡಿಸೆಂಬರ್ 12ರಂದು ನ್ಯಾಯಾಲಯವು, ‘ಅರಣ್ಯ’ ಪದವನ್ನು ಅದರ ನಿಘಂಟಿನ ಅರ್ಥದಲ್ಲಿಯೇ ಗ್ರಹಿಸಬೇಕು, ಭೂಮಿಯ ಒಡೆತನ ಯಾರದೆಂಬುದು ಮುಖ್ಯವಲ್ಲ ಎಂದು ಆದೇಶಿಸಿತು. ಒಂದು ಪದದ ನೇರ ಅರ್ಥ ದೇಶದುದ್ದಕ್ಕೂ ಕಾಡುಗಳಿಗೆ ಬೇಲಿಯಾಯಿತು.

ಅಕ್ಷರಕ್ಕೆ ನಿಷ್ಠೆಯಿಂದಿರುವ ಓದಿನ ಮೊದಲ ಪ್ರಯೋಜನವೆಂದರೆ, ಕಾನೂನು ಏನನ್ನು ಹೇಳುತ್ತದೆಂಬುದು ವಕೀಲರನ್ನು ಹಿಡಿಯಲಾಗದ ರೈತನಿಗೂ ಮುಂಚಿತವಾಗಿ ತಿಳಿಯುತ್ತದೆ. ಎರಡನೆಯದು, ಅಧಿಕಾರಿಯ ಮರ್ಜಿಗಾಗಲಿ ಬಲಾಢ್ಯರ ಒತ್ತಡಕ್ಕಾಗಲಿ ಅರ್ಥವು ಬಾಗುವುದಿಲ್ಲ. ಮೂರನೆಯದು, ಅರ್ಥವನ್ನು ಬದಲಿಸಬೇಕೆನ್ನುವವರು ಶಾಸನಸಭೆಗೇ ಹೋಗಬೇಕಾಗುತ್ತದೆ. 2023ರಲ್ಲಿ ಆದದ್ದು ಅದೇ. ಕಾಯ್ದೆಯ ವ್ಯಾಪ್ತಿಯನ್ನು ಅಧಿಸೂಚಿತ ಮತ್ತು ದಾಖಲಿತ ಅರಣ್ಯಕ್ಕೆ ಕುಗ್ಗಿಸಲು ಸಂಸತ್ತಿನಲ್ಲಿ ತಿದ್ದುಪಡಿ ತರಬೇಕಾಯಿತು. ಆ ತಿದ್ದುಪಡಿ ಎಲ್ಲರ ಕಣ್ಣೆದುರು ನಡೆದುದರಿಂದ ಪ್ರಶ್ನಿಸುವುದೂ ಸಾಧ್ಯವಾಯಿತು. 2024ರ ಫೆಬ್ರವರಿ 19ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸುವಂತೆ ಸೂಚಿಸಿತು.

ಇದಕ್ಕೆ ಆಕ್ಷೇಪವೂ ಉಂಟು. ನಿಘಂಟಿನ ಅರ್ಥದಿಂದ ಹುಟ್ಟಿದ ‘ಡೀಮ್ಡ್ ಅರಣ್ಯ’ದ ಪಟ್ಟಿ ಮಲೆನಾಡಿನ ಸಣ್ಣ ಹಿಡುವಳಿದಾರರ ನಿದ್ದೆಗೆಡಿಸಿದೆ. ಈ ಆತಂಕ ಸುಳ್ಳಲ್ಲ. ಆದರೆ ಅದರ ಪರಿಹಾರವೂ ಅಕ್ಷರದಲ್ಲಿಯೇ ಇದೆ. 2006ರ ಅರಣ್ಯ ಹಕ್ಕುಗಳ ಕಾಯ್ದೆಯ 4(5)ನೆಯ ಉಪಕಲಮು, ಹಕ್ಕಿನ ಪರಿಶೀಲನೆ ಮತ್ತು ಮಾನ್ಯತೆಯ ಪ್ರಕ್ರಿಯೆ ಮುಗಿಯುವವರೆಗೆ ಬುಡಕಟ್ಟಿನವರನ್ನಾಗಲಿ ಇತರ ಪಾರಂಪರಿಕ ಅರಣ್ಯವಾಸಿಗಳನ್ನಾಗಲಿ ಅವರ ಸ್ವಾಧೀನದಲ್ಲಿರುವ ಅರಣ್ಯಭೂಮಿಯಿಂದ ಒಕ್ಕಲೆಬ್ಬಿಸಬಾರದೆನ್ನುತ್ತದೆ. ಕಾಡಿಗೆ ನೇರ ಅರ್ಥವನ್ನು ಬೇಡುವವರು ಈ ಮಾತಿಗೂ ನೇರ ಅರ್ಥವನ್ನೇ ಒಪ್ಪಬೇಕು. ಕಾಡನ್ನು ಉಳಿಸುವಾಗ ಅಕ್ಷರ, ಬಡವನನ್ನು ಎಬ್ಬಿಸುವಾಗ ‘ಉದ್ದೇಶ’ ಎಂಬ ಇಬ್ಬಗೆಯ ನೀತಿ ಸಲ್ಲದು.

ಪದವೇ ಅಸ್ಪಷ್ಟವಾಗಿರುವಲ್ಲಿ ಕಾಯ್ದೆಯ ಉದ್ದೇಶವನ್ನು ನೋಡುವುದು ಅನಿವಾರ್ಯ. ಸ್ಪಷ್ಟವಾಗಿರುವಲ್ಲಿ ಅದನ್ನು ಮೀರುವ ಅಧಿಕಾರವನ್ನು ನ್ಯಾಯಾಧೀಶರಿಗೆ ಒಪ್ಪಿಸಿದರೆ, ಇಂದು ಕಾಡಿನ ಪರವಾಗಿ ಬಾಗಿದ ಅರ್ಥ ನಾಳೆ ಗಣಿಯ ಪರವಾಗಿಯೂ ಬಾಗೀತು. ಆದುದರಿಂದ ಹಳ್ಳಿಗಳ ವಿದ್ಯಾರ್ಥಿಗಳು ಈ ಎರಡು ಕಾಯ್ದೆಗಳನ್ನು ಗ್ರಾಮಸಭೆಗಳಲ್ಲಿ ಗಟ್ಟಿಯಾಗಿ ಓದಿ ಹೇಳಲಿ. ತನ್ನ ಕಾನೂನಿನ ಅಕ್ಷರವನ್ನು ಬಲ್ಲ ಊರನ್ನು ಏಮಾರಿಸುವುದು ಸುಲಭವಲ್ಲ.