ಬೆಟ್ಟದ ಹಾದಿಯ ಓಟ

ನಮ್ಮ ವಿದ್ಯಾರ್ಥಿಗಳು ಓಡುವುದು ಸಾಮಾನ್ಯವಾಗಿ ಸುಣ್ಣದ ಗೆರೆಯೆಳೆದ ಮೈದಾನದಲ್ಲಿ. ಅಲ್ಲಿ ಒಂದು ಹೆಜ್ಜೆಯಂತೆ ಇನ್ನೊಂದು; ಕಾಲು ದುಡಿಯುತ್ತದೆ, ಮನಸ್ಸು ಗಡಿಯಾರವನ್ನು ನೋಡುತ್ತಿರುತ್ತದೆ. ಬೆಟ್ಟದ ಕಾಲುದಾರಿಯ ಓಟವು ಇದಕ್ಕಿಂತ ಮೇಲಾದುದೆಂದು ನನ್ನ ಮತ.

1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಸರ್ಪದಾರಿ ಎಂಬ ಹಾದಿಯುಂಟು. ಅಂಥ ಹಾದಿಯಲ್ಲಿ ಏರಿ ಇಳಿದವನಿಗೆ ಬಲವಿಜ್ಞಾನವು ಅಂಗಾಲಿನಿಂದಲೇ ಅರ್ಥವಾಗುತ್ತದೆ. ಇಬ್ಬನಿಯಿಂದ ತೊಯ್ದ ಕಲ್ಲಿನ ಮೇಲೆ ಘರ್ಷಣೆ ಕಡಿಮೆ. ಒಣಗಿದ್ದಾಗ ನಿಲ್ಲುತ್ತಿದ್ದ ಪಾದವು ಅದೇ ಇಳಿಜಾರಿನಲ್ಲಿ ಜಾರುತ್ತದೆ. ಕೂಡಲೆ ದೇಹವು ಹೆಜ್ಜೆಯನ್ನು ಕಿರಿದುಗೊಳಿಸಿ, ಗುರುತ್ವಕೇಂದ್ರವನ್ನು ತಗ್ಗಿಸಿ, ಕೈಗಳನ್ನು ಚಾಚುತ್ತದೆ.

60 ಕಿಲೋಗ್ರಾಂ ತೂಕದ ತರುಣನು 100 ಮೀಟರ್ ಮೇಲೇರಲು ಗುರುತ್ವದ ವಿರುದ್ಧ ಮಾಡುವ ಕೆಲಸ 58,800 ಜೂಲ್. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಕೆಲಸವಾಗುವುದು ಸುಮಾರು ಕಾಲುಭಾಗ, ಉಳಿದುದು ಶಾಖ. ಶಿಖರದ ಗಾಳಿಯು ಬೆವರನ್ನು ಆರಿಸುವಾಗಿನ ಸುಖದ ಗುಟ್ಟು ಇದೇ. ಇಳಿಯುವಾಗಲಾದರೂ ಆ ಶಕ್ತಿ ಮರಳಿ ದೊರೆಯುವುದೇ? ಇಲ್ಲ. ತೊಡೆಯ ಸ್ನಾಯುಗಳು ಬ್ರೇಕಿನಂತೆ ವೇಗವನ್ನು ತಡೆದು ಅದನ್ನು ಶಾಖವಾಗಿಸುತ್ತವೆ. ಮರುದಿನದ ನೋವೇ ಅದಕ್ಕೆ ಸಾಕ್ಷಿ.

ಈ ಲೆಕ್ಕವನ್ನು ಕೊಠಡಿಯಲ್ಲಿ ಕುಳಿತೂ ಮಾಡಬಹುದು. ಆದರೆ ಪ್ರತಿ ಹೆಜ್ಜೆಯೂ ಹೊಸ ಸಮಸ್ಯೆಯಾದಾಗ ಕಣ್ಣು, ಕಾಲು, ಬುದ್ಧಿಗಳು ಒಂದಾಗುವ ಆನಂದವು ಅಲ್ಲಿ ದೊರೆಯದು. ಪರೀಕ್ಷೆಯ ಚಿಂತೆಯಲ್ಲಿ ನಮ್ಮ ತರುಣ ತರುಣಿಯರು ಇದನ್ನು ಕಳೆದುಕೊಳ್ಳುತ್ತಿದ್ದಾರೆ.

ಮಳೆ ಮಂಜುಗಳ ದಿನಗಳನ್ನು ಬಿಟ್ಟು, ಅನುಮತಿ ಬೇಕಾದೆಡೆ ಪಡೆದು, ಜೊತೆಗಾರರೊಡನೆ ಹೋಗಿರಿ. ಇರುವ ಹಾದಿಯಲ್ಲಿಯೇ ಓಡಿರಿ. ಹುಲ್ಲನ್ನು ತುಳಿದು ಅಡ್ಡದಾರಿ ಮಾಡಿದರೆ ಮಳೆನೀರು ಅಲ್ಲಿ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಬೆಟ್ಟವೂ ನಮ್ಮ ಪ್ರಯೋಗಶಾಲೆಯೇ. ಉಪಕರಣವನ್ನು ಕೆಡಿಸುವ ವಿದ್ಯಾರ್ಥಿಯನ್ನು ಯಾವ ಅಧ್ಯಾಪಕನೂ ಮೆಚ್ಚನು.